ನಾಲ್ಕು ಚಕ್ರದ ನಾಟಕ ಕಂಪನಿ

ನಮ್ಮ ನಿಟ್ಟೂರಿನ ಕಡೆ ಆಯುಧಪೂಜೆಯ ದಿನ ಚಕ್ರ ಇರುವ ಯಾವುದೂ ಪೂಜೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಟ್ರ್ಯಾಕ್ಟರು, ಟಿಲ್ಲರು, ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗಿಬರುವ ನನ್ನ ಹಳೇ ಸ್ಕೂಟರು, ಮೊಮ್ಮಕ್ಕಳು ಬಿಟ್ಟುಹೋದ ಮೂರು ಗಾಲಿ ಸೈಕಲ್ಲು, ಎಲ್ಲವೂ ಬೆಳಗ್ಗೆಯೇ ಮೈ ತೊಳೆಸಿಕೊಂಡು, ವಿಭೂತಿ ಪಟ್ಟೆ ಬಳಿಸಿಕೊಂಡು, ಬಾಳೆಕಂದು ಕಟ್ಟಿಸಿಕೊಂಡು ಅಂಗಳದಲ್ಲಿ ಸಾಲಾಗಿ ನಿಲ್ಲುತ್ತವೆ. ಚಕ್ರದ ಭಾಗ್ಯವಿಲ್ಲದ ಮಚ್ಚು, ಗುದ್ದಲಿ, ಅಡಿಕೆ ಸುಲಿಯುವ ಕತ್ತಿಗಳಿಗೆ ಪಕ್ಕದಲ್ಲೇ ಒಂದು ಮಣೆ. ಕಳೆದ ದಸರೆಯಲ್ಲಿ ಈ ಸಾಲಿನ ಕೊನೆಗೆ ಒಂದು ಹೊಸ ವಾಹನ ಸೇರಿತು. ರಜಕ್ಕೆ ಬೆಂಗಳೂರಿನಿಂದ ಬಂದ ಮೊಮ್ಮಗಳು ಬಟ್ಟೆಯ ಚೀಲ ಮರೆತರೂ ಮರೆಯದೆ ಬಗಲಲ್ಲಿ ಹೊತ್ತು ತಂದಿದ್ದ ಸ್ಕೇಟ್‌ಬೋರ್ಡು.

ಎರಡೂವರೆ ಅಡಿ ಉದ್ದದ ಹಲಗೆ. ಎರಡು ತುದಿಯೂ ಮೇಲಕ್ಕೆ ಬಾಗಿವೆ. ಮೇಲ್ಮೈಗೆ ಬಡಗಿಯ ಸ್ಯಾಂಡ್ ಪೇಪರಿನಂಥ ಕಪ್ಪು ಹಾಳೆ, ಕೆಳಗೆ ನಾಲ್ಕು ಪುಟ್ಟ ಗಾಲಿ. ಮಗುಚಿ ನೋಡಿದರೆ ಹೊಟ್ಟೆಯ ಮೇಲೆ ಹಲ್ಲು ಕಿರಿಯುವ ತಲೆಬುರುಡೆಯ ಚಿತ್ರ. ಹಬ್ಬದ ದಿನ ಮನೆಯೊಳಗೆ ತಲೆಬುರುಡೆಯೇ ಎಂದು ನನ್ನಾಕೆ ಮೊದಲು ಮುಖ ಗಂಟಿಕ್ಕಿದಳು. ಆಮೇಲೆ ಗಾಲಿ ಎಣಿಸಿ, "ನಾಲ್ಕು ಐತೆ ಅಂದ್ಮೇಲೆ ಗಾಡೀನೇ. ಪೂಜೆ ಮಾಡ್ದೆ ಬಿಟ್ರೆ ಮಗು ಬಿದ್ದೀತು" ಎಂದು ತೀರ್ಪು ಕೊಟ್ಟು, ಬುರುಡೆಯ ಹಣೆಗೇ ಕುಂಕುಮ ಇಟ್ಟಳು. ಕುಂಕುಮ ಬಿದ್ದ ಮೇಲೆ ಬುರುಡೆಯ ಮುಖದಲ್ಲೂ ಒಂದು ಲಕ್ಷಣ ಬಂತು ಅಂತ ನನಗನ್ನಿಸಿತು.

ತೊಡಕು ಬಂದದ್ದು ನಿಂಬೆಹಣ್ಣಿನ ಘಟ್ಟದಲ್ಲಿ. ಟ್ರ್ಯಾಕ್ಟರಿನ ಚಕ್ರದ ಕೆಳಗಿಟ್ಟ ನಿಂಬೆಹಣ್ಣು ಹೇಳದೆ ಕೇಳದೆ ಅಪ್ಪಚ್ಚಿಯಾಗುತ್ತದೆ. ಈ ಹಲಗೆಯ ತೂಕಕ್ಕೆ ಅದು ಮಿಸುಕಲೂ ಇಲ್ಲ. ತಳ್ಳಿದರೆ ಹಣ್ಣೇ ಮುಂದಕ್ಕೆ ಉರುಳಿತು. ನಿಂಬೆಹಣ್ಣು ಒಡೆಯದೆ ಪೂಜೆ ಮುಗಿಯದು, ಪೂಜೆ ಮುಗಿಯದೆ ಹೋಳಿಗೆ ಬಡಿಸರು. "ಮೇಲೆ ವೆಯ್ಟ್ ಬೇಕು ತಾತ" ಎಂದಳು ಮೊಮ್ಮಗಳು. ಯಾರ ಹೆಸರನ್ನೂ ಅವಳು ಹೇಳಲಿಲ್ಲ. ಆದರೆ ಮನೆಮಂದಿಯೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು.

ಹತ್ತಿ ನಿಂತೆ. ಆಮೇಲಿನದಕ್ಕೆ ನಾನು ಸಾಕ್ಷಿಯಲ್ಲ, ನನ್ನ ಮುಖ ಆಗ ಆಕಾಶದ ಕಡೆಗಿತ್ತು. ನೋಡಿದವರ ಹೇಳಿಕೆಯ ಪ್ರಕಾರ ಹಿಂದಿನ ಎರಡು ಹಣ್ಣು ಒಡೆದವು, ಮುಂದಿನ ಎರಡು ಚಿಮ್ಮಿದವು, ಹಲಗೆ ನೆಟ್ಟಗೆ ಕೊಟ್ಟಿಗೆಗೆ ಹೋಗಿ ಎಮ್ಮೆಯ ಮುಂದೆ ನಿಂತಿತು, ನಾನು ಆಗತಾನೇ ಒಡೆದಿಟ್ಟಿದ್ದ ಬೂದುಗುಂಬಳಕಾಯಿಯ ಮೇಲೆ ಕುಳಿತೆ. ಕುಂಬಳಕಾಯಿಯೊಳಗೆ ಕುಂಕುಮ ಕದಡಿತ್ತಲ್ಲ, ಅದೆಲ್ಲ ನನ್ನ ಬಿಳಿ ಪಂಚೆಗೆ ಇಳಿದದ್ದು ಕಂಡು ಪಕ್ಕದ ಮನೆಯಾಕೆ "ಅಯ್ಯೋ ರಕ್ತ!" ಎಂದು ಚೀರಿದಳು. ಆ ಚೀರಾಟಕ್ಕೆ ಬೀದಿ ಸೇರಿತು. ಮೂಳೆ ಮುರಿದಿಲ್ಲ, ಆದರೆ ಗಟ್ಟಿ ನೆಲದ ಮೇಲೆ ಕೂರಬೇಡಿ ಎಂದು ಡಾಕ್ಟರು ಹೇಳಿದರು. ಹೀಗಾಗಿ ಹಬ್ಬದಾಚೆಗೂ ಬಹಳ ದಿನ ನಾನು ಜಗಲಿಯ ಮೇಲೆ ಗಾಳಿ ತುಂಬಿದ ರಬ್ಬರ್ ಬಳೆಯ ಮೇಲೆ ಆಸೀನನಾಗಿ, ದಾರಿಹೋಕರಿಗೆಲ್ಲ ದರ್ಶನ ಕೊಡಬೇಕಾಯಿತು.

"ಏನ್ ಸೆಕ್ರೆಟ್ರಿಗಳೇ, ಈ ವಯಸ್ನಲ್ಲಿ ಸ್ಕೇಟಿಂಗಾ?" ಎಂದು ಕೇಳದೆ ಮುಂದೆ ಹೋದವರಿಲ್ಲ.

ನಾನು ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿ ನಿವೃತ್ತನಾದವನು. ಊರಿನವರ ಬಾಯಲ್ಲಿ ಇನ್ನೂ ಸೆಕ್ರೆಟ್ರಿಯೇ. ಗೊಬ್ಬರದ ಮೂಟೆ, ಬಿತ್ತನೆ ಬೀಜ, ಬೆಳೆಸಾಲಗಳ ನಡುವೆ ಆಯುಷ್ಯ ಸವೆಸಿದವನಿಗೆ ಏನು ಕಂಡರೂ ಜಮಾ ಎಷ್ಟು, ಖರ್ಚು ಎಷ್ಟು ಎಂಬ ಚಿಂತೆ ಮೊದಲು. ಬೀಳಿಸಿದ ಹಲಗೆಯ ಮೇಲೆ ಸಿಟ್ಟು ಬರುವುದಕ್ಕೂ ಮುಂಚೆ, ಇದನ್ನು ಮಾಡುವವರು ಯಾರು, ಕೊಳ್ಳುವವರು ಯಾರು, ಲಾಭ ಯಾರಿಗೆ ಎಂಬ ಪ್ರಶ್ನೆ ಹುಟ್ಟಿತು. ಜಗಲಿ ಬಿಟ್ಟು ಏಳುವಂತಿಲ್ಲವಾದ್ದರಿಂದ ಮೊಮ್ಮಗಳನ್ನೇ ಕೂರಿಸಿಕೊಂಡು ಕೇಳಿದೆ.

"ಕಂಪನಿಗಳು ಬೇಕಾದಷ್ಟಿವೆ ತಾತ. ಪ್ರತಿ ಕಂಪನಿಗೂ ಒಂದು ಟೀಮ್ ಇರುತ್ತೆ. ಟೀಮ್‌ನವರಿಗೆ ಬೋರ್ಡು ಫ್ರೀ. ಊರೂರು ಕರ್ಕೊಂಡು ಹೋಗ್ತಾರೆ, ವಿಡಿಯೊ ತೆಗೀತಾರೆ."

"ಫ್ರೀ ಅಂದ್ರೆ? ರಸೀತಿ?"

"ರಸೀತಿ ಎಲ್ಲ ಇಲ್ಲ ತಾತ. ಮುರಿದ್ರೆ ಇನ್ನೊಂದು ಕೊಡ್ತಾರೆ."

ನನಗೆ ಎದೆ ಧಸಕ್ಕೆಂದಿತು. ದಾಸ್ತಾನು ಪುಸ್ತಕದಲ್ಲಿ ಇಳಿಸದೆ ಮಾಲು ಹೊರಗೆ ಹೋಯಿತೆಂದರೆ ನಮ್ಮಲ್ಲಿ ಸಹಕಾರ ಕಾಯ್ದೆಯ 64ನೇ ಕಲಮಿನ ವಿಚಾರಣೆ. ಇಲ್ಲಿ ಚೆನ್ನಾಗಿ ಆಡುವವನಿಗೆಲ್ಲ ಪುಕ್ಕಟೆ ಹಂಚಿ, ಆಡಲು ಬಾರದವರಿಗೆ ಮಾರಿ, ಕಂಪನಿ ನಡೆಸುತ್ತಾರಂತೆ! ಇದು ಮೂರು ತಿಂಗಳಲ್ಲಿ ಬಾಗಿಲು ಹಾಕುವ ವ್ಯವಹಾರ ಅಂದೆ. ಅವಳು ನಕ್ಕು, ಐವತ್ತು ವರ್ಷದಿಂದ ಹೀಗೇ ನಡೆದಿದೆ ಅಂದಳು.

ಯೋಚಿಸುತ್ತಾ ಕೂತವನಿಗೆ ಪಕ್ಕದ ಗುಬ್ಬಿ ನೆನಪಾಯಿತು. ಊರೂರು ಸುತ್ತುವ ತಂಡ, ಕಣ್ಣು ಬಾಯಿ ಬಿಟ್ಟುಕೊಂಡು ನೋಡುವ ಹುಡುಗರು, ಮಾಲಿಗಿಂತ ಮುಂಚೆ ಮನುಷ್ಯನ ಹೆಸರು. ಇದು ಕಾರ್ಖಾನೆಯ ಲೆಕ್ಕಕ್ಕೆ ಸಿಗುವುದಲ್ಲ, ನಾಟಕ ಕಂಪನಿಯ ಲೆಕ್ಕ! 1884ರಲ್ಲಿ ಶುರುವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಯಾವ ಬಂಡವಾಳದ ಮೇಲೆ ನಡೆಯಿತು ಹೇಳಿ. ಪರದೆ, ಡೇರೆ, ಕಿರೀಟಗಳ ಬೆಲೆ ಕಟ್ಟಬಹುದು. ಗುಬ್ಬಿ ವೀರಣ್ಣನವರು 'ಸದಾರಮೆ'ಯಲ್ಲಿ ಕಳ್ಳನಾಗಿ ಬಂದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರಲ್ಲ, ಅದನ್ನು ಯಾವ ಖಾತೆಗೆ ಬರೆಯೋಣ? ಅವರ 'ಕುರುಕ್ಷೇತ್ರ'ದಲ್ಲಿ ಆನೆ ಕುದುರೆ ನಿಜವಾಗಿ ರಂಗದ ಮೇಲೆ ಬರುತ್ತಿದ್ದವು. ಆನೆಯ ಮೇವಿನ ಖರ್ಚು ನೋಡಿದ ಯಾವ ಲೆಕ್ಕಿಗನೂ ಆ ನಾಟಕಕ್ಕೆ ಮಂಜೂರಾತಿ ಕೊಡುತ್ತಿರಲಿಲ್ಲ, ನಾನಂತೂ ಖಂಡಿತ ಕೊಡುತ್ತಿರಲಿಲ್ಲ. ಆದರೆ ನಮ್ಮಪ್ಪ ಗಾಡಿ ಕಟ್ಟಿಕೊಂಡು ನೋಡಲು ಹೋದದ್ದು ಆ ಆನೆಯನ್ನೇ. ಕಥೆ ಅವರಿಗೆ ಮೊದಲೇ ಗೊತ್ತಿತ್ತು, ದುರ್ಯೋಧನ ಗೆಲ್ಲುವುದಿಲ್ಲ ಅಂತ.

ಈ ಹೊಳಹು ಸಿಕ್ಕ ಮೇಲೆ ಮೊಮ್ಮಗಳ ಕಥೆಯೆಲ್ಲ ನನಗೆ ಸಲೀಸಾಗಿ ಅರ್ಥವಾಗತೊಡಗಿತು.

ಮೂಲ ಅಮೆರಿಕದ ಕ್ಯಾಲಿಫೋರ್ನಿಯಾ. 1950ರ ದಶಕದಲ್ಲಿ ಅಲ್ಲಿನ ಹುಡುಗರು ರೋಲರ್ ಸ್ಕೇಟಿನ ಗಾಲಿ ಕಿತ್ತು ಹಲಗೆಗೆ ಹೊಡೆದುಕೊಂಡು ಇಳಿಜಾರಿನಲ್ಲಿ ಜಾರುತ್ತಿದ್ದರಂತೆ. ಇದರಲ್ಲೇನು ವಿಶೇಷ, ನಾವೂ ಮಾಡಿದ್ದೇ. ಲಾರಿ ಗ್ಯಾರೇಜಿನಲ್ಲಿ ಕಾಡಿ ಬೇಡಿ ತಂದ ಸವೆದ ಬೇರಿಂಗು ಮೂರು, ಮನೆಯ ಅಟ್ಟದಿಂದ ಎಗರಿಸಿದ ಹಲಗೆ ಒಂದು, ಮುಂದಿನ ಗಾಲಿ ತಿರುಗಿಸಲು ಹಗ್ಗ. ಬೇರಿಂಗ್ ಗಾಡಿ ತಯಾರು. ಬಿ.ಎಚ್. ರೋಡಿನ ಟಾರಿನ ಮೇಲೆ ಅದು ಹೊರಟರೆ ಗರಗರ ಸದ್ದಿಗೆ ಮಲಗಿದ್ದ ಊರೆಲ್ಲ ಏಳುತ್ತಿತ್ತು. ಆಗ ಗಂಟೆಗೊಂದು ಲಾರಿ ಬಂದರೆ ಹೆಚ್ಚು. ಈಗ ಆ ರಸ್ತೆ ದಾಟಲೂ ಯಾರಾದರೂ ಕೈ ಹಿಡಿದುಕೊಳ್ಳಬೇಕು, ಗಾಡಿ ಬಿಡುವ ಮಾತಿರಲಿ. ನಾವು ಕೂತು ಬಿಟ್ಟೆವು, ಅವರು ನಿಂತು ಬಿಟ್ಟರು. ನಮ್ಮದು ಊರಿನ ಗದ್ದಲವಾಗಿ ಉಳಿಯಿತು, ಅವರದು ಒಲಿಂಪಿಕ್ಸಿಗೆ ಹೋಯಿತು.

ಅವರ ಗಾಲಿಗೂ ಮೊದಮೊದಲು ದೊಡ್ಡ ಖಾಯಿಲೆಯಿತ್ತು. ಜೇಡಿಮಣ್ಣು ಬೆರೆಸಿ ಮಾಡಿದ ಗಾಲಿ. ಒಂದು ಚಿಕ್ಕ ಕಲ್ಲು ಸಿಕ್ಕರೆ ಹಲಗೆ ಗಕ್ಕನೆ ನಿಲ್ಲುತ್ತಿತ್ತು, ಮೇಲಿದ್ದವನು ನಿಲ್ಲುತ್ತಿರಲಿಲ್ಲ. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನ್ಯಾಸ್ವರ್ದಿ ಎಂಬಾತ ಪಾಲಿಯುರೆಥೇನ್ ಗಾಲಿ ತಂದ. ಪ್ಲಾಸ್ಟಿಕ್ಕಿನ ಗಟ್ಟಿತನ, ರಬ್ಬರಿನ ಹಿಡಿತ ಎರಡೂ ಇರುವ ವಸ್ತು. ಅಲ್ಲಿಂದ ಆಟದ ಹಣೆಬರಹವೇ ಬದಲಾಯಿತು.

ಅದೇ ಹೊತ್ತಿಗೆ ಸಾಂಟಾ ಮೋನಿಕಾದಲ್ಲಿ, ಸಮುದ್ರದ ಅಲೆಯ ಮೇಲೆ ಜಾರುವ ಹಲಗೆ ಮಾಡಿ ಮಾರುತ್ತಿದ್ದ ಝೆಫರ್ ಎಂಬ ಅಂಗಡಿ. ಜೆಫ್ ಹೋ ಮತ್ತವನ ಇಬ್ಬರು ಗೆಳೆಯರದು. ಪಡ್ಡೆ ಹುಡುಗರ ಠಿಕಾಣಿ. ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲದ ಮಕ್ಕಳನ್ನೆಲ್ಲ ಸೇರಿಸಿ ಅಂಗಡಿಯವರು ಒಂದು ತಂಡ ಕಟ್ಟಿದರು. ನೀಲಿ ಅಂಗಿ ತೊಡಿಸಿದರು. 1975ರಲ್ಲಿ ಡೆಲ್ ಮಾರ್ ಎಂಬಲ್ಲಿ ದೊಡ್ಡ ಸ್ಪರ್ಧೆ. ಅದುವರೆಗೆ ಸ್ಕೇಟ್‌ಬೋರ್ಡು ಎಂದರೆ ಹಲಗೆಯ ಮೇಲೆ ಶಿಸ್ತಾಗಿ ನೆಟ್ಟಗೆ ನಿಲ್ಲುವುದು, ತಲೆಕೆಳಗಾಗಿ ಕೈ ಮೇಲೆ ನಿಲ್ಲುವುದು, ಒಂಥರ ಶಾಲೆಯ ವಾರ್ಷಿಕೋತ್ಸವದ ಕವಾಯತು. ಇವರು ಬಂದವರೇ ಮೊಣಕಾಲು ಮಡಿಸಿ, ನೆಲಕ್ಕೆ ಅಂಗೈ ತಾಗಿಸಿ, ಅಲೆಯ ಮೇಲೆ ತಿರುಗುವ ಹಾಗೆ ತಿರುಗಿದರು. ತೀರ್ಪುಗಾರರಿಗೆ ಅಂಕ ಕೊಡಲು ಕಲಮೇ ಸಿಗಲಿಲ್ಲ. ಆ ಹನ್ನೆರಡು ಜನರಲ್ಲಿ ಒಬ್ಬಳೇ ಹುಡುಗಿ, ಪೆಗಿ ಓಕಿ. ಹೆಣ್ಣುಮಕ್ಕಳ ಫ್ರೀಸ್ಟೈಲಿನಲ್ಲಿ ಮೊದಲನೆಯವಳಾದಳು. ಇದನ್ನು ಹೇಳುವಾಗ ನನ್ನ ಮೊಮ್ಮಗಳ ದನಿ ಸ್ವಲ್ಪ ಏರಿತು.

ಮುಂದಿನದು ನಾಟಕ ಕಂಪನಿ ನೋಡಿದವರಿಗೆ ಹೇಳಿಕೊಡಬೇಕಾಗಿಲ್ಲ. ತಂಡ ಹೆಸರು ಮಾಡಿದ ಕೂಡಲೇ ದೊಡ್ಡ ದುಡ್ಡಿನವರು ಬಂದು ಒಬ್ಬೊಬ್ಬರನ್ನೇ ಎಳೆದುಕೊಂಡರು. ಟೋನಿ ಆಲ್ವಾ ತನ್ನದೇ ಕಂಪನಿ ತೆರೆದ. ಸ್ಟೇಸಿ ಪೆರಾಲ್ಟಾ ಬೇರೆ ಕಡೆ ಹೋದ. ಅಂಗಡಿ ಮುಚ್ಚಿತು. ರಾಜಪಾರ್ಟಿನವನು ಹೊರಟುಹೋದರೆ ಹಾರ್ಮೋನಿಯಂ ಎಷ್ಟು ಚೆನ್ನಾಗಿದ್ದರೇನು.

ನಡುವೆ ಒಂದು ಬರಗಾಲದ ಕಥೆ ಇದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ತುಮಕೂರು ಜಿಲ್ಲೆಯವನಿಗೆ ಬರ ಅಂದರೆ ಕಿವಿ ನೆಟ್ಟಗಾಗುತ್ತದೆ. 1976–77ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಭಾರೀ ಬರ ಬಂತು. ಸಿರಿವಂತರ ಮನೆಯ ಈಜುಕೊಳಗಳು ಬತ್ತಿದವು. ಬತ್ತಿದ ಕೊಳದ ಗೋಡೆ ತಳದಲ್ಲಿ ಬೋಗುಣಿಯ ಹಾಗೆ ಬಾಗಿರುತ್ತದೆ. ಈ ಹುಡುಗರು ಯಜಮಾನರಿಲ್ಲದಾಗ ಬೇಲಿ ಹಾರಿ, ತಳದಲ್ಲಿ ಉಳಿದ ಪಾಚಿನೀರು ಮೊಗೆದು ಹಾಕಿ, ಆ ಬಾಗಿನ ಮೇಲೆ ಹಲಗೆ ಓಡಿಸಿದರು. ಗೋಡೆ ಹತ್ತಿ ಇಳಿಯುವ ವಿದ್ಯೆಯೆಲ್ಲ ಹುಟ್ಟಿದ್ದು ಅಲ್ಲಿ. ಬರಗಾಲದಿಂದ ಉಪಕಾರವಾದ ಪ್ರಸಂಗ ನಾನು ಕೇಳಿದ್ದು ಇದೊಂದೇ. ನಮ್ಮಲ್ಲಿ ಕೆರೆ ಬತ್ತಿದ ವರ್ಷ ಅಂಗಳದಲ್ಲಿ ಕ್ರಿಕೆಟ್ ಆಡಿದ್ದುಂಟು, ಆದರೆ ಅದರಿಂದ ಕ್ರಿಕೆಟ್ಟಿಗೇನೂ ಹೊಸದು ದಕ್ಕಲಿಲ್ಲ.

ಈ ಕಥೆ ಹೇಳಿದ ಸಂಜೆಯೇ ಮಗ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ತೋಟದ ಕಡೆ ಹೋಗಿದ್ದ. ಬಂದವಳೇ, "ತಾತ, ನಿಮ್ಮೂರಲ್ಲಿ ಎಷ್ಟು ಕಿಲೋಮೀಟರ್ ಉದ್ದದ ಸ್ಕೇಟ್ ಪಾರ್ಕ್ ಕಟ್ಟಿದ್ದಾರೆ!" ಅಂದಳು. ಅವಳು ನೋಡಿ ಬಂದದ್ದು ಹೇಮಾವತಿ ನಾಲೆ. ಎರಡೂ ದಡಕ್ಕೆ ಇಳಿಜಾರಾಗಿ ಸಿಮೆಂಟು, ಒಳಗೆ ನೀರಿಲ್ಲ. ಹೇಮಾವತಿ ನೀರು ಗುಬ್ಬಿಗೆಷ್ಟು, ಕುಣಿಗಲ್ಲಿಗೆಷ್ಟು ಎಂದು ಇಡೀ ಜಿಲ್ಲೆ ಬೀದಿಗಿಳಿದು ಜಗಳವಾಡುವ ಕಾಲದಲ್ಲಿ, ನಾಲೆ ಖಾಲಿ ಇರುವುದೇ ಒಳ್ಳೆಯದು ಎನ್ನುವ ಅಭಿಪ್ರಾಯವನ್ನು ಜಗಲಿಯ ಮೇಲೆ ಗಟ್ಟಿಯಾಗಿ ಹೇಳಬಾರದು ಎಂದು ಅವಳ ಬಾಯಿ ಮುಚ್ಚಿಸಿದೆ. ನೀರು ಯಾವಾಗ ಬಿಡುತ್ತಾರೋ ಗೊತ್ತಾಗದು, ಆ ಕಡೆ ತಲೆ ಹಾಕಬೇಡ ಎಂದೂ ಹೇಳಿದೆ.

ಎಲ್ಲಿದ್ದೆ? ಪೆರಾಲ್ಟಾ. ಆತ 1978ರಲ್ಲಿ ಜಾರ್ಜ್ ಪವೆಲ್ ಎಂಬ ಇಂಜಿನಿಯರನ ಜತೆ ಸೇರಿದ. ಪವೆಲ್ ಗಾಲಿ, ಹಲಗೆಗಳ ಮೇಲೆ ತಲೆ ಕೆಡಿಸಿಕೊಂಡ ಮನುಷ್ಯ, ಪೆರಾಲ್ಟಾ ಆಟ ಬಲ್ಲವನು. ಪವೆಲ್ ಪೆರಾಲ್ಟಾ ಎಂಬ ಕಂಪನಿಯಾಯಿತು. ಪೆರಾಲ್ಟಾ ಮಾಡಿದ ಮೊದಲ ಕೆಲಸ, ಹೆಸರಿದ್ದವರನ್ನು ದುಡ್ಡು ಕೊಟ್ಟು ತರುವ ಬದಲು ಎಳೆಯ ಹುಡುಗರನ್ನು ಹುಡುಕಿ ತಂದು ಬೆಳೆಸಿದ್ದು. ಬೋನ್ಸ್ ಬ್ರಿಗೇಡ್ ಅಂತ ತಂಡ. ಟೋನಿ ಹಾಕ್, ಸ್ಟೀವ್ ಕಬಯೆರೊ, ಲ್ಯಾನ್ಸ್ ಮೌಂಟನ್, ಮೈಕ್ ಮ್ಯಾಗಿಲ್, ಟಾಮಿ ಗೆರೆರೊ, ರಾಡ್ನಿ ಮಲೆನ್. ಹಾಕ್‌ನನ್ನು ತಂಡಕ್ಕೆ ತಂದಾಗ ಕಡ್ಡಿ ಪೈಲ್ವಾನ. ಹದಿನಾಲ್ಕಕ್ಕೆಲ್ಲ ವೃತ್ತಿಯ ಆಟಗಾರನಾದ. ವೀರಣ್ಣನವರ ಕಂಪನಿಯಲ್ಲಿ ಹೀಗೆ ಬೆಳೆದವರ ಪಟ್ಟಿ ತೆಗೆದರೆ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಬರುತ್ತಾರೆ. ಬಿ.ವಿ. ಕಾರಂತರಂತೂ ಹುಡುಗನಾಗಿದ್ದಾಗ ದಕ್ಷಿಣ ಕನ್ನಡದಿಂದ ಮನೆ ಬಿಟ್ಟು ಓಡಿಬಂದು ಸೇರಿಕೊಂಡದ್ದು ಇದೇ ಕಂಪನಿಗೆ.

ಹಲಗೆಯ ಕೆಳಗೆ ತಲೆಬುರುಡೆ, ಎಲುಬು, ಡ್ರ್ಯಾಗನ್ ಬರೆಸುವ ಸಂಪ್ರದಾಯ ಬೆಳೆಸಿದ್ದೂ ಪವೆಲ್ ಪೆರಾಲ್ಟಾದವರೇ. ವರ್ನನ್ ಕೋರ್ಟ್‌ಲ್ಯಾಂಡ್ ಜಾನ್ಸನ್ ಎಂಬ ಚಿತ್ರಗಾರನಿದ್ದ. ಆಟಗಾರನಿಗೊಂದು ಚಿತ್ರ, ಚಿತ್ರದ ಜತೆ ಅವನ ಹೆಸರು, ಆ ಹಲಗೆ ಮಾರಾಟವಾದಷ್ಟೂ ಅವನಿಗೊಂದು ಪಾಲು. ಇಲ್ಲಿಗೆ ನನ್ನ ಲೆಕ್ಕ ತಾಳೆಯಾಯಿತು ನೋಡಿ. ಪುಕ್ಕಟೆ ಕೊಟ್ಟ ಹಲಗೆ ನಷ್ಟವಲ್ಲ, ಪ್ರಚಾರದ ಬಾಬ್ತು. ಹುಡುಗರು ಕೊಂಡದ್ದು ಏಳು ಪದರ ಮೇಪಲ್ ಮರ ಅಂಟಿಸಿ ಒತ್ತಿದ ಪ್ಲೈವುಡ್ಡನ್ನಲ್ಲ, ಟೋನಿ ಹಾಕ್‌ನನ್ನು. 1984ರಿಂದ ಪೆರಾಲ್ಟಾ ವಿಡಿಯೊ ಕ್ಯಾಸೆಟ್ಟುಗಳನ್ನೂ ತೆಗೆದ. ಡೇರೆ ಹೊತ್ತು ತಿರುಗುವ ಬದಲು ಇಡೀ ತಂಡವೇ ಪೆಟ್ಟಿಗೆಯಲ್ಲಿ ಕೂತು ಪ್ರಪಂಚ ಸುತ್ತಿತು. ಒಂದು ಕ್ಯಾಸೆಟ್ಟಿನಲ್ಲಿ ಹುಡುಗರೆಲ್ಲ ಸೇರಿ ಕಾಣೆಯಾದ ಗುರುವೊಬ್ಬನನ್ನು ಹುಡುಕುತ್ತಾ ಊರೂರು ಅಲೆಯುತ್ತಾರೆ. ಗುರು ಸಿಗುವುದಿಲ್ಲ, ಆದರೆ ಅಷ್ಟರಲ್ಲಿ ನೋಡುವವರಿಗೆ ಬೇಕಾದ್ದೆಲ್ಲ ಸಿಕ್ಕಿರುತ್ತದೆ.

ಈ ತಂಡದ ರಾಡ್ನಿ ಮಲೆನ್ ಮಾಡಿದ್ದೊಂದು ನನಗೆ ಇಂದಿಗೂ ಬೆರಗು. ಹಲಗೆಗೆ ಕಾಲು ಕಟ್ಟಿಲ್ಲ, ಕೈ ಮುಟ್ಟಿಸುವುದಿಲ್ಲ, ಆದರೂ ಎಗರಿದರೆ ಹಲಗೆ ಪಾದಕ್ಕೆ ಅಂಟಿಕೊಂಡೇ ಮೇಲೆ ಬರುತ್ತದೆ. ಫ್ಲಾರಿಡಾದ ಆಲನ್ ಗೆಲ್‌ಫಂಡ್ ಎಂಬ ಹುಡುಗ ಇದನ್ನು 1970ರ ದಶಕದ ಕೊನೆಯಲ್ಲಿ ಬಾಗಿದ ಗೋಡೆಯ ಮೇಲೆ ಮಾಡಿದ್ದ. ಮಲೆನ್ ಅದನ್ನು ಸಪಾಟು ನೆಲಕ್ಕೆ ತಂದ. ಹಿಂಗಾಲಿನಿಂದ ಹಲಗೆಯ ಬಾಲವನ್ನು ನೆಲಕ್ಕೆ ಟಪ್ಪೆಂದು ಬಡಿಯುವುದು, ಮೂತಿ ಮೇಲೇಳುತ್ತಿದ್ದಂತೆ ಮುಂಗಾಲನ್ನು ಆ ಸ್ಯಾಂಡ್ ಪೇಪರಿನ ಮೇಲೆ ಉಜ್ಜಿಕೊಂಡು ಮುಂದೆ ಸರಿಸುವುದು, ಆಗ ಹಲಗೆ ಗಾಳಿಯಲ್ಲಿ ಸಮನಾಗುತ್ತದೆ. ಇದನ್ನೇ ಓಲಿ ಅನ್ನುತ್ತಾರೆ. ಕೇಳಲು ಬಹಳ ಸುಲಭ. ಮೊಮ್ಮಗಳು ನಮ್ಮ ಅಡಿಕೆ ಕಣದಲ್ಲಿ ಮಾಡಿ ತೋರಿಸಿದಳು. ಕಣದ ಸಿಮೆಂಟು ನೆಲ ಅವಳಿಗೆ ಬಹಳ ಹಿಡಿಸಿತ್ತು, ಆದರೆ ಅಡಿಕೆ ಒಣಗುವ ಕಾಲ. ಬೇಯಿಸಿದ ಅಡಿಕೆ ಹರಡಿದ್ದ ಜಾಗ ಬಿಟ್ಟು ಒಂದು ಮೂಲೆಯಷ್ಟನ್ನೇ ಅಜ್ಜಿ ಮಂಜೂರು ಮಾಡಿದ್ದಳು. ಟಪ್ ಎಂದು ಸದ್ದಾದಾಗಲೆಲ್ಲ ಅಡಿಕೆ ಸುಲಿಯಲು ಕೂತ ಹೆಂಗಸರ ಕೈ ನಿಲ್ಲುತ್ತಿತ್ತು. ಸಂಜೆಯ ಹೊತ್ತಿಗೆ ಕೂಲಿಯ ಲೆಕ್ಕದಲ್ಲಿ ನಷ್ಟ ನನಗೇ.

ಇಷ್ಟೆಲ್ಲ ಆದಮೇಲೆ ಕೇಳಿದೆ, "ಅಲ್ಲಮ್ಮ, ಈ ವಿದ್ಯೆ ಬೆಂಗಳೂರಿಗೆ ಹೇಗೆ ಬಂತು? ಅಲ್ಲಿ ನಡೆಯಲಿಕ್ಕೇ ಫುಟ್‌ಪಾತ್ ಇಲ್ಲವಲ್ಲ?"

"ಹೋಲಿಸ್ಟೋಕ್ಡ್ ತಾತ."

ಒಳಗಿಂದ ನನ್ನಾಕೆಯ ದನಿ ಬಂತು. "ಹೋಳಿಗೆ ಸ್ಟಾಕು ಎಲ್ಲೈತೆ? ಹಬ್ಬದ್ದು ನೆನ್ನೇನೇ ಮುಗೀತು."

ಹೋಳಿಗೆ ಅಲ್ಲ ಮಾರಾಯಿತಿ, ಹೋಲಿಸ್ಟೋಕ್ಡ್ ಕಲೆಕ್ಟಿವ್. ಭಾರತದಲ್ಲಿ ಈ ಆಟಕ್ಕೆ ಮೊದಲು ನೆಲ ಮಾಡಿಕೊಟ್ಟವರಲ್ಲಿ ನಿಕ್ ಸ್ಮಿತ್ ಎಂಬ ಬ್ರಿಟಿಷ್ ಆಟಗಾರ ಒಬ್ಬ. ಮೊದಲು ಗೋವಾದಲ್ಲಿ ಸ್ಕೇಟ್ ಪಾರ್ಕು ಕಟ್ಟಿದ, ಆಮೇಲೆ ಬೆಂಗಳೂರಿನ ಸರ್ಜಾಪುರ ರಸ್ತೆಯ ಪ್ಲೇ ಅರೀನಾದಲ್ಲಿ. ಅಲ್ಲಿ ಬಂದು ಬಿದ್ದೆದ್ದು ಕಲಿತ ಹುಡುಗರಿಗೆ ಇನ್ನೂ ಬೇಕೆನಿಸಿತು. 2010ರ ದಶಕದ ಆರಂಭದಲ್ಲಿ ಒಂದಷ್ಟು ಜನ ಸೇರಿ ಹೋಲಿಸ್ಟೋಕ್ಡ್ ಕಟ್ಟಿಕೊಂಡರು. ಇದು ಅಂಗಡಿಯೋ, ತಂಡವೋ, ಗಾರೆ ಕೆಲಸದ ಕಂಟ್ರಾಕ್ಟೋ ಎಂದು ನಾನು ಮೂರು ಸಾರಿ ಕೇಳಿದರೂ ಮೊಮ್ಮಗಳು ಮೂರು ಸಾರಿಯೂ ಹೂಂ ಅಂದಳು. ಆಡುವವರೂ ಅವರೇ, ಕಲಿಸುವವರೂ ಅವರೇ, ಆಡಲು ಜಾಗ ಇಲ್ಲವೆಂದು ಕಾಂಕ್ರೀಟು ಕಲಸುವವರೂ ಅವರೇ. ನಾಟಕ ಕಂಪನಿಯಲ್ಲೂ ಹಾಗೇ ಅಲ್ಲವೇ, ಬೆಳಗ್ಗೆ ಡೇರೆಯ ಗೂಟ ಬಡಿದವನು ರಾತ್ರಿ ಭೀಮಸೇನ.

2013ರಲ್ಲಿ ಇವರು ಬೆಂಗಳೂರಿನಲ್ಲಿ ಮಾಡಿದ್ದು ಸಣ್ಣ ಕೆಲಸವಲ್ಲ. ಜೀನ್ಸ್ ಪ್ಯಾಂಟಿನ ಲೀವೈಸ್ ಕಂಪನಿ ಖರ್ಚಿಗೆ ನಿಂತಿತು. ಜರ್ಮನಿಯ ಹನೋವರ್‌ನಿಂದ, ತಮ್ಮ ಪಾರ್ಕನ್ನು ತಾವೇ ಕಟ್ಟಿಕೊಂಡು ಪಳಗಿದ್ದ ಒಂದು ಗುಂಪು ಬಂತು. ಅಮೆರಿಕದಿಂದ ಸ್ಟೀಫನ್ ಜಾನೊಸ್ಕಿ, ಓಮರ್ ಸಲಜಾರ್‌ರಂಥ ಹೆಸರಾಂತ ಆಟಗಾರರು ಬಂದರು. ಜಾನೊಸ್ಕಿ ಅಂದರೆ ಅವನ ಹೆಸರಿನ ಬೂಟೇ ಜಗತ್ತಿನಾದ್ಯಂತ ಮಾರಾಟವಾಗುತ್ತದೆ. ಅಂಥವರೂ ನಮ್ಮ ಹುಡುಗರ ಜತೆ ಬಿಸಿಲಲ್ಲಿ ನಿಂತು ಕರಣೆ ಹಿಡಿದು ಸಿಮೆಂಟು ಸವರಿದರು. ಕೆಲವೇ ವಾರಗಳಲ್ಲಿ ಪಾರ್ಕು ಎದ್ದಿತು. ಟಿಕೆಟ್ ಇರಲಿಲ್ಲ, ಯಾರು ಬೇಕಾದರೂ ಬರಬಹುದಿತ್ತು. ಎಲ್ಲರಿಗೂ ತೆರೆದ, ಪುಕ್ಕಟೆಯ ಸ್ಕೇಟ್ ಪಾರ್ಕು ನಮ್ಮ ದೇಶದಲ್ಲಿ ಅಷ್ಟು ಹೊತ್ತಿಗೆ ಅಪರೂಪದ ಸಂಗತಿ.

ಈ ಬಾಗಿದ ಗೋಡೆ ಕಟ್ಟುವುದಿದೆಯಲ್ಲ, ಅದರ ವಿವರ ನನಗೆ ಆಟಕ್ಕಿಂತ ರುಚಿಸಿತು. ನಮ್ಮ ಮೇಸ್ತ್ರಿಗಳು ಜೀವಮಾನವೆಲ್ಲ ತೂಕದ ಗುಂಡು ಬಿಟ್ಟು ಗೋಡೆ ನೆಟ್ಟಗಿದೆಯೇ ಎಂದು ನೋಡಿದವರು. ಇಲ್ಲಿ ಗೋಡೆ ಎಲ್ಲೂ ನೆಟ್ಟಗಿರಬಾರದು. ಆದರೆ ಡೊಂಕು ಎಲ್ಲ ಕಡೆ ಒಂದೇ ಸಮ ಇರಬೇಕು. ಮೊದಲು ಮಣ್ಣಿನ ದಿಬ್ಬ ಬಡಿದು, ಅದರ ಮೇಲೆ ಕಬ್ಬಿಣದ ಸರಳಿನ ಜಾಲ ಬಗ್ಗಿಸಿ ಕಟ್ಟಿ, ನೀರು ಕಮ್ಮಿ ಹಾಕಿದ ಗಟ್ಟಿ ಕಾಂಕ್ರೀಟು ಮೆತ್ತುತ್ತಾರೆ. ನೀರು ಹೆಚ್ಚಾದರೆ ಇಳಿಜಾರಿನಲ್ಲಿ ಜಾರಿ ಕೆಳಗೆ ಕೂರುತ್ತದೆ. ಬಾಗು ಸರಿಯಿದೆಯೇ ನೋಡಲು ಪ್ಲೈವುಡ್ಡನ್ನು ಕಮಾನಿನಂತೆ ಕತ್ತರಿಸಿದ ಅಚ್ಚು. ಕೊನೆಗೆ ಕರಣೆಯಿಂದ ನಯಸ್ಸಾಗಿ ತೀಡುವುದು. ಒಂದು ಉಬ್ಬು ಉಳಿದ ಕಡೆ ಒಂದು ಮಂಡಿ ಹೋಗುತ್ತದೆ. ನಮ್ಮೂರ ಮೇಸ್ತ್ರಿಯೊಬ್ಬರಿಗೆ ಇದನ್ನೆಲ್ಲ ಹೇಳಿದೆ. ಗಮನವಿಟ್ಟು ಕೇಳಿ, "ಡೊಂಕು ಕಟ್ಟೋದು ಕಷ್ಟ ಅಲ್ಲ ಸೆಕ್ರೆಟ್ರಿಗಳೇ, ಬೇಕು ಅಂತಾನೇ ಕಟ್ಟಿದ್ದು ಅಂತ ಮನೆಯವರನ್ನ ಒಪ್ಸೋದು ಕಷ್ಟ" ಅಂದರು.

ಹೋಲಿಸ್ಟೋಕ್ಡ್ ಬಳಗದಿಂದಲೇ ಬಂದವಳು ಅತೀತಾ ವರ್ಗೀಸ್, ಬೆಂಗಳೂರಿನ ಹುಡುಗಿ. ಆಟ ಹಿಡಿದದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಹುಡುಗರೆಲ್ಲ ಗುಂಪುಗುಂಪಾಗಿ ಆಡುವ ಕಡೆ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟೂ ಇಲ್ಲದ್ದು ಕಂಡು 2015ರಲ್ಲಿ ಗರ್ಲ್ ಸ್ಕೇಟ್ ಇಂಡಿಯಾ ಎಂದು ಶುರು ಮಾಡಿದಳು. ಬೇರೆ ಬೇರೆ ದೇಶಗಳ ಆಟಗಾರ್ತಿಯರನ್ನು ಕರೆಸಿ, ಬರೀ ಹೆಣ್ಣುಮಕ್ಕಳದೇ ಒಂದು ತಂಡ ಕಟ್ಟಿಕೊಂಡು ಊರೂರು ಸುತ್ತಿ ಕಲಿಸಿದಳು. ಹೆಣ್ಣುಮಕ್ಕಳು ರಂಗ ಹತ್ತುವುದೇ ದೊಡ್ಡ ಮಾತಾಗಿದ್ದ ಕಾಲದಲ್ಲಿ ಗುಬ್ಬಿ ಕಂಪನಿಯಲ್ಲಿ ಬಿ. ಜಯಮ್ಮನವರಂಥವರು ಮುಖ್ಯ ಪಾತ್ರ ಮಾಡಿ ಮನೆಮಾತಾದದ್ದು ನಮ್ಮ ತಾಲ್ಲೂಕಿನ ಹೆಮ್ಮೆ. ಮೊಮ್ಮಗಳ ಕೋಣೆಯ ಗೋಡೆಗೆ ಅತೀತಾಳ ಚಿತ್ರವಿದೆಯಂತೆ. ನಮ್ಮ ಕಾಲದಲ್ಲಿ ಕ್ಯಾಲೆಂಡರಿನ ಲಕ್ಷ್ಮಿ ಇರುತ್ತಿದ್ದ ಜಾಗ.

ಪಟ್ಟಣದವರ ಹುಚ್ಚು, ಹಳ್ಳಿಗೆ ಯಾಕೆ ಎನ್ನುವವರು ನಮ್ಮ ಜಗಲಿಯಲ್ಲೂ ಇದ್ದರು. ಅವರಿಗೆ ನಾನು ಜನವಾರದ ಮಾತು ಹೇಳಿದೆ. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಸಣ್ಣ ಹಳ್ಳಿ. ಬುಂದೇಲ್‌ಖಂಡದ ಬಡ ಸೀಮೆ. ಉಲ್ರಿಕೆ ರೈನ್‌ಹಾರ್ಡ್ ಎಂಬ ಜರ್ಮನ್ ಹೆಂಗಸು ಅಲ್ಲಿ ಸ್ಕೇಟ್ ಪಾರ್ಕ್ ಕಟ್ಟಿಸಿದಳು, 2015ರಿಂದ ಮಕ್ಕಳು ಆಡುತ್ತಿದ್ದಾರೆ. ಅಲ್ಲಿರುವುದು ಎರಡೇ ಕಾನೂನು. ಶಾಲೆಗೆ ಹೋಗದವರಿಗೆ ಹಲಗೆ ಇಲ್ಲ. ಹುಡುಗಿಯರಿಗೆ ಮೊದಲ ಸರದಿ. ನಮ್ಮ ಸಂಘದ ಬೈಲಾ ನಲವತ್ತು ಪುಟ, ಅದರಲ್ಲಿ ಇಷ್ಟು ಕೆಲಸಕ್ಕೆ ಬರುವ ಎರಡು ಸಾಲು ಹುಡುಕಿದರೂ ಸಿಗಲಿಕ್ಕಿಲ್ಲ. ಆ ಹಳ್ಳಿಯ ಆಶಾ ಗೊಂಡ್ ಎಂಬ ಆದಿವಾಸಿ ಹುಡುಗಿ ದೇಶದ ಪರವಾಗಿ ವಿಶ್ವ ಚಾಂಪಿಯನ್‌ಶಿಪ್ಪಿಗೆ ಹೋಗಿಬಂದಳು. ರಾಜಸ್ಥಾನದ ಖೇಮ್‌ಪುರದಲ್ಲೂ 2021ರಲ್ಲಿ ತೆರೆಕಂಡ ಒಂದು ಸಿನಿಮಾಕ್ಕೆಂದು ಕಟ್ಟಿದ ಪಾರ್ಕನ್ನು ಚಿತ್ರೀಕರಣ ಮುಗಿದ ಮೇಲೆ ಊರ ಮಕ್ಕಳಿಗೇ ಬಿಟ್ಟುಹೋದರು. ಅದೇ ವರ್ಷ ಟೋಕಿಯೋದಲ್ಲಿ ನಡೆದ ಒಲಿಂಪಿಕ್ಸಿನಲ್ಲಿ ಈ ಆಟ ಮೊದಲ ಸಲ ಸೇರಿತು. ಹೆಣ್ಣುಮಕ್ಕಳ ಸ್ಟ್ರೀಟ್ ವಿಭಾಗದಲ್ಲಿ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೂ ಬೆಳ್ಳಿ ಗೆದ್ದ ಬ್ರೆಜಿಲಿನ ರೈಸಾ ಲೆಯಾಲ್‌ಗೂ ಆಗ ಹದಿಮೂರೇ ವರ್ಷ. ಹದಿಮೂರಕ್ಕೆ ನನಗೆ ಹದಿಮೂರರ ಮಗ್ಗಿ ಪೂರ್ತಿ ಬರುತ್ತಿರಲಿಲ್ಲ.

ಮೊಮ್ಮಗಳು ರಜ ಮುಗಿಸಿ ಹೋಗುವ ಹೊತ್ತಿಗೆ ಪಕ್ಕದ ಮನೆಯ ಹುಡುಗಿ, ಅದೇ "ರಕ್ತ" ಎಂದು ಚೀರಿದಾಕೆಯ ಮಗಳು, ಕಣದ ಈ ತುದಿಯಿಂದ ಆ ತುದಿಗೆ ಬೀಳದೆ ಹೋಗುವುದನ್ನು ಕಲಿತಿದ್ದಳು. ಹಲಗೆಯನ್ನು ಅವಳಿಗೇ ಬಿಟ್ಟುಹೋಗಿದ್ದಾಳೆ. ಈಗ ಸಂಜೆಯಾದರೆ ಐದಾರು ಮಕ್ಕಳು, ಹಲಗೆ ಒಂದು. ಸರದಿಯ ಪಟ್ಟಿ ಬರೆದಿಡುವ ಕೆಲಸ ನನ್ನದು. ಹುಡುಗಿಯರಿಗೆ ಮೊದಲ ಸರದಿ ಎಂದು ನಾನು ಜನವಾರದ ಕಾನೂನು ಜಾರಿ ಮಾಡಿದ್ದಕ್ಕೆ ಇಬ್ಬರು ಹುಡುಗರು ಈಗಾಗಲೇ ಆಕ್ಷೇಪಣೆ ಸಲ್ಲಿಸಿದ್ದಾರೆ. ಅಡಿಕೆ ಸುಗ್ಗಿ ಬಂದರೆ ಕಣ ಹೋಯಿತು. ನಮ್ಮ ಬೀದಿಗಳಿಗೆಲ್ಲ ಸಿ.ಸಿ. ರಸ್ತೆ ಬಂದಿದೆ, ಆದರೆ ಜಾರದಿರಲೆಂದು ಮೇಲೆ ಬ್ರಷ್ಷಿನ ಗೀರು ಎಳೆದಿದ್ದಾರೆ, ಜತೆಗೆ ಪ್ರತಿ ದೊಡ್ಡ ಮನುಷ್ಯರ ಮನೆ ಮುಂದೆಯೂ ಒಂದು ಹಂಪು. ಇದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಗಿದೆ. ಆಕಾಶಕ್ಕೆ ಹಾರುವುದನ್ನು ಮಾಡಬಲ್ಲ ಸೀಮೆಗೆ ಮಕ್ಕಳು ನೆಲದ ಮೇಲೆ ಉರುಳಲು ಅಂಗೈಯಗಲ ನುಣುಪು ನೆಲ ಭಾರವಾಗಬಾರದು.

ಆದ್ದರಿಂದ ಒಂದು ಅರ್ಜಿ ಬರೆದಿದ್ದೇನೆ. ಹೆಚ್ಚೇನೂ ಕೇಳಿಲ್ಲ. ಶಾಲೆಯ ಮೈದಾನದ ಒಂದು ಮೂಲೆಯಲ್ಲಿ ಗೀರಿಲ್ಲದ ಸಿಮೆಂಟು ನೆಲ, ಒಂದು ಕಡೆ ಮೊಣಕಾಲೆತ್ತರದ ಡೊಂಕು ಗೋಡೆ. ಡೊಂಕು ಕಟ್ಟಲು ಮೇಸ್ತ್ರಿ ಒಪ್ಪಿದ್ದಾರೆ, ಬೇಕೆಂದೇ ಕಟ್ಟಿಸಿದ್ದು ಎಂದು ಬರವಣಿಗೆಯಲ್ಲಿ ಕೊಡಬೇಕಂತೆ. ಅರ್ಜಿ ಮುಂದಿನ ಗ್ರಾಮಸಭೆಗೆ ಬರುತ್ತದೆ. ಊರಿನವರು, ಬೆಂಗಳೂರಿನಲ್ಲಿದ್ದರೂ ಓಟು ಇಲ್ಲೇ ಇಟ್ಟುಕೊಂಡಿರುವವರು, ದಯವಿಟ್ಟು ಬನ್ನಿ. ಕೋರಂ ಇಲ್ಲದೆ ಸಭೆ ಮುಂದಕ್ಕೆ ಹೋಗುವುದು ಎಲ್ಲ ಊರುಗಳಲ್ಲೂ ಇದ್ದದ್ದೇ. ಕೈ ಎತ್ತುವವರು ಕಮ್ಮಿಯಾದರೆ ಅರ್ಜಿ ಇನ್ನೊಂದು ದಸರೆಗೆ ಹೋಗುತ್ತದೆ.